ಶಾಲೆಗಳ ಮೇಲ್ವಿಚಾರಣೆ: ಹೊಣೆಗಾರಿಕೆಯ ಮರುಹಂಚಿಕೆ

ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಬಂದ ಮಗುವಿಗೆ ಎರಡನೆಯ ತರಗತಿಯ ಪಾಠವನ್ನು ಓದಲು ಬಾರದು ಎಂದು ಭಾವಿಸೋಣ. ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ನಾಲ್ಕು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾಗಿದೆಯೆಂದು ಶಿಕ್ಷಕರು ಹೇಳುತ್ತಾರೆ. ಖಾಲಿ ಹುದ್ದೆ ತುಂಬುವ ಅಧಿಕಾರ ತಮಗಿಲ್ಲವೆಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ನೇಮಕಾತಿ ರಾಜ್ಯಮಟ್ಟದಲ್ಲಿ ಆಗಬೇಕೆಂದು ತಾಲ್ಲೂಕಿನ ಅಧಿಕಾರಿಗಳೂ, ಆ ಶಾಲೆಯ ವರದಿಯಲ್ಲಿ ಯಾವ ಕೊರತೆಯೂ ಕಂಡುಬಂದಿಲ್ಲವೆಂದು ಮೇಲಿನ ಕಚೇರಿಯವರೂ ಹೇಳುತ್ತಾರೆ. ಪ್ರತಿಯೊಬ್ಬರ ಮಾತಿನಲ್ಲಿಯೂ ನಿಜಾಂಶವಿದೆ. ಆದರೆ ಮಗುವಿನ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯುತ್ತದೆ.

ರಾಜ್ಯ ಸರ್ಕಾರವೊಂದು ತನ್ನ ಶಾಲೆಗಳ ಮೇಲ್ವಿಚಾರಣೆಯನ್ನು ಪುನರ್‌ರಚಿಸುವುದೆಂದರೆ ಮೂಲತಃ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ. ಇಲಾಖೆಗಳ ಹೆಸರನ್ನು ಬದಲಾಯಿಸುವುದರಿಂದ ಅಥವಾ ಎರಡು ಕಚೇರಿಗಳನ್ನು ಒಂದಾಗಿಸುವುದರಿಂದ ಮಾತ್ರ ಈ ಕಾರ್ಯ ಮುಗಿಯುವುದಿಲ್ಲ. ಶಾಲೆಯನ್ನು ನಡೆಸುವವರು ಯಾರು, ಅದರ ಗುಣಮಟ್ಟವನ್ನು ಅಳೆಯುವವರು ಯಾರು, ಶಿಕ್ಷಕರಿಗೆ ನೆರವಾಗುವವರು ಯಾರು, ಇವರೆಲ್ಲರೂ ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಸ್ಪಷ್ಟಪಡಿಸುವುದೇ ಪುನರ್‌ರಚನೆಯ ನಿಜವಾದ ಉದ್ದೇಶ. ಕರ್ನಾಟಕದ ಅನುಭವವನ್ನು ಮುಖ್ಯವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ. ಕರ್ನಾಟಕದ ಹೊರಗಿರುವ ಕನ್ನಡ ಶಾಲೆಗಳಿಗೆ ಇದು ಹೇಗೆ ಸಂಬಂಧಿಸಿದೆ ಎಂಬುದನ್ನೂ ಕೊನೆಯಲ್ಲಿ ಪರಿಶೀಲಿಸಲಾಗಿದೆ.

ಇನ್‌ಸ್ಪೆಕ್ಟರರ ಕಾಲ

ಭಾರತದಲ್ಲಿ ಶಾಲಾ ತನಿಖೆಯ ವ್ಯವಸ್ಥೆಗೆ ತಳಹದಿ ಹಾಕಿದ್ದು 1854ರ ವುಡ್ ಶಿಕ್ಷಣ ಸಂದೇಶ. ಪ್ರತಿ ಪ್ರಾಂತಕ್ಕೂ ಒಂದು ಸಾರ್ವಜನಿಕ ಶಿಕ್ಷಣ ಇಲಾಖೆ, ಅದರ ಕೈಕೆಳಗೆ ಶಾಲೆಗಳನ್ನು ಸಂದರ್ಶಿಸಿ ವರದಿ ಸಲ್ಲಿಸುವ ಇನ್‌ಸ್ಪೆಕ್ಟರರು ಇರಬೇಕೆಂದು ಅದು ವಿಧಿಸಿತು. ಅಂದು ಕನ್ನಡ ನಾಡು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದುದರಿಂದ ಅದರ ಶಾಲೆಗಳೂ ಬೇರೆ ಬೇರೆ ಆಡಳಿತಗಳ ಮೇಲ್ವಿಚಾರಣೆಗೆ ಒಳಪಟ್ಟವು.

ಈ ವ್ಯವಸ್ಥೆಯಲ್ಲಿ ತನಿಖಾಧಿಕಾರಿಯ ಕೈಯಲ್ಲಿ ಅಪಾರ ಅಧಿಕಾರವಿತ್ತು. ಶಾಲೆಯ ಮಂಜೂರಾತಿ, ಅನುದಾನ, ಶಿಕ್ಷಕರ ಬಡ್ತಿ ಎಲ್ಲವೂ ಅವನ ವರದಿಯನ್ನು ಅವಲಂಬಿಸಿದ್ದವು. ಆ ಅಧಿಕಾರ ಸಮರ್ಥರಾದವರ ಕೈಯಲ್ಲಿದ್ದಾಗ ಏನಾಗಬಹುದೆಂಬುದಕ್ಕೆ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು (1834-1881) ನಿದರ್ಶನ. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಪ್ರದೇಶದಲ್ಲಿ ಅವರು ಕನ್ನಡ ಶಾಲೆಗಳನ್ನು ಬೆಳೆಸಿದರು, ಶಿಕ್ಷಕರ ತರಬೇತಿಗೆ ಒತ್ತು ಕೊಟ್ಟರು. ಶಾಲಾ ಇಲಾಖೆಯ ಹುದ್ದೆಯ ಹೆಸರೇ ಅವರ ಹೆಸರಿನ ಭಾಗವಾಗಿ ಉಳಿದುಬಂದಿರುವುದು ಗಮನಾರ್ಹ.

ಇದೇ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಇನ್‌ಸ್ಪೆಕ್ಟರರು ನಡೆಸುವ ಪರೀಕ್ಷೆಯ ಫಲಿತಾಂಶಕ್ಕೆ ಅನುಗುಣವಾಗಿ ಅನುದಾನ ಕೊಡುವ ಪದ್ಧತಿ ರೂಢಿಗೆ ಬಂದಿತು. ಪರಿಣಾಮವಾಗಿ ಪಾಠವೆಂಬುದು ಪರೀಕ್ಷೆಯ ದಿನಕ್ಕೆ ಮಾಡುವ ಸಿದ್ಧತೆಯಾಯಿತು. ಉರು ಹೊಡೆಸುವುದು ಹೆಚ್ಚಿತು, ಹಿಂದುಳಿದ ಮಕ್ಕಳು ಶಾಲೆಗೆ ಹೊರೆಯೆಂದು ತೋರತೊಡಗಿದರು. 1904ರಲ್ಲಿ ಸರ್ಕಾರವೇ ಈ ಪದ್ಧತಿಯನ್ನು ಕೈಬಿಡಬೇಕೆಂದು ನಿರ್ಣಯಿಸಿತು. ಅಳತೆಗೂ ಹಣಕ್ಕೂ ನೇರ ಗಂಟು ಹಾಕಿದರೆ ಶಾಲೆಯು ಕಲಿಕೆಯನ್ನು ಬಿಟ್ಟು ಅಳತೆಯ ಬೆನ್ನು ಹತ್ತುತ್ತದೆ ಎಂಬ ಈ ಪಾಠ ಇಂದಿಗೂ ಹಳೆಯದಾಗಿಲ್ಲ.

ಕೊಠಾರಿ ಆಯೋಗದ ಸೂತ್ರ

ಸ್ವಾತಂತ್ರ್ಯಾನಂತರ ಶಾಲೆಗಳ ಸಂಖ್ಯೆ ಬೆಳೆದಷ್ಟು ವೇಗವಾಗಿ ಮೇಲ್ವಿಚಾರಣೆಯ ವ್ಯವಸ್ಥೆ ಬೆಳೆಯಲಿಲ್ಲ. ತನಿಖಾಧಿಕಾರಿಯ ಸಮಯವೆಲ್ಲ ವೇತನ, ವರ್ಗಾವಣೆ, ರಜೆ, ದೂರು, ನ್ಯಾಯಾಲಯದ ಪ್ರಕರಣಗಳಲ್ಲಿಯೇ ಕಳೆದುಹೋಗತೊಡಗಿತು. ತರಗತಿಯೊಳಗೆ ಕುಳಿತು ಪಾಠ ನೋಡುವುದು ವರ್ಷಕ್ಕೊಮ್ಮೆಯ ವಿಧಿಯಾಯಿತು. ಹಾಜರಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ಪುಸ್ತಕಗಳು ಸರಿಯಾಗಿದ್ದರೆ ಶಾಲೆಯೂ ಸರಿಯಾಗಿದೆ ಎಂಬ ಭಾವನೆ ಬೇರೂರಿತು.

ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964-66) ಈ ದೋಷವನ್ನು ಸ್ಪಷ್ಟವಾಗಿ ಗುರುತಿಸಿತು. ಅದರ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ.ಪಿ. ನಾಯಕರು ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ್ದವರು. ಆಡಳಿತವೂ ಶೈಕ್ಷಣಿಕ ಮೇಲ್ವಿಚಾರಣೆಯೂ ಒಬ್ಬರ ಕೈಯಲ್ಲಿಯೇ ಇರಬಾರದೆಂದು ಆಯೋಗವು ಹೇಳಿತು. ಆಡಳಿತವನ್ನು ಜಿಲ್ಲಾ ಶಾಲಾ ಮಂಡಲಿಯೂ ಮೇಲ್ವಿಚಾರಣೆಯನ್ನು ಜಿಲ್ಲಾ ಶಿಕ್ಷಣಾಧಿಕಾರಿಯೂ ವಹಿಸಿಕೊಳ್ಳಬೇಕೆಂಬುದು ಅದರ ಸಲಹೆಯಾಗಿತ್ತು. ಒಂದು ಪ್ರೌಢಶಾಲೆ ಮತ್ತು ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳು ಸೇರಿ 'ಶಾಲಾ ಸಂಕೀರ್ಣ'ವಾಗಿ ಒಂದಕ್ಕೊಂದು ನೆರವಾಗಬೇಕೆಂಬ ಕಲ್ಪನೆಯನ್ನೂ ಆಯೋಗವೇ ಮುಂದಿಟ್ಟಿತು. ಈ ಶಿಫಾರಸುಗಳು ಹೆಚ್ಚಿನ ರಾಜ್ಯಗಳಲ್ಲಿ ಪೂರ್ಣವಾಗಿ ಜಾರಿಗೆ ಬರಲಿಲ್ಲ. ಆದರೂ ಅನಂತರದ ಪ್ರತಿಯೊಂದು ಸುಧಾರಣೆಯೂ ಈ ಎರಡು ವಿಚಾರಗಳ ಸುತ್ತಲೇ ಸುತ್ತಿದೆ.

ಕರ್ನಾಟಕದ ಅನುಭವ

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಲಿನ ಆಡಳಿತದ ಮೆಟ್ಟಿಲುಗಳು ಪರಿಚಿತವಾದವು. ರಾಜ್ಯಮಟ್ಟದಲ್ಲಿ ಆಯುಕ್ತರು, ಜಿಲ್ಲೆಯಲ್ಲಿ ಉಪನಿರ್ದೇಶಕರು, ಕ್ಷೇತ್ರಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಇರುತ್ತಾರೆ. ಕಂದಾಯ ಜಿಲ್ಲೆ ವಿಶಾಲವಾಗಿರುವಲ್ಲಿ ಚಿಕ್ಕೋಡಿ, ಶಿರಸಿ, ಮಧುಗಿರಿಗಳಂತೆ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳನ್ನು ರಚಿಸಲಾಗಿದೆ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಶೈಕ್ಷಣಿಕ ಕ್ಷೇತ್ರಗಳಿವೆ.

ಈ ಮೆಟ್ಟಿಲುಗಳ ಪಕ್ಕದಲ್ಲಿಯೇ ಇನ್ನೊಂದು ವ್ಯವಸ್ಥೆ ಬೆಳೆಯಿತು. ಪಂಚಾಯತ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು ಪ್ರಾಥಮಿಕ ಶಿಕ್ಷಣವೂ ಅವುಗಳ ಕಾರ್ಯವ್ಯಾಪ್ತಿಗೆ ಸೇರಿತು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಣವೂ ಒಂದಾಯಿತು. ಅದೇ ವರ್ಷದ ಕರ್ನಾಟಕ ಪಂಚಾಯತ ರಾಜ್ ಕಾಯಿದೆಯು ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳಿಗೆ ಶಾಲೆಗಳ ವಿಷಯದಲ್ಲಿ ಪಾತ್ರ ನೀಡಿತು.

ಇದರಿಂದ ಶಾಲೆಯ ಆಡಳಿತ ಜನರಿಗೆ ಹತ್ತಿರವಾಯಿತೆಂಬುದು ನಿಜ. ಆದರೆ ಅಧಿಕಾರಿಗಳಿಗೆ ಇಬ್ಬರು ಯಜಮಾನರಾದರು. ಉಪನಿರ್ದೇಶಕರು ಶೈಕ್ಷಣಿಕ ವಿಷಯಗಳಲ್ಲಿ ಇಲಾಖೆಯ ಆಯುಕ್ತರಿಗೂ, ಹಣಕಾಸು ಮತ್ತು ಜಿಲ್ಲಾ ಯೋಜನೆಗಳಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೂ ಉತ್ತರ ಹೇಳಬೇಕಾಯಿತು. ಶಿಕ್ಷಕರ ನೇಮಕಾತಿ ಇಲಾಖೆಯದು, ಕಟ್ಟಡ ಕಾಮಗಾರಿ ಬಹುಮಟ್ಟಿಗೆ ಪಂಚಾಯತ ರಾಜ್ ಸಂಸ್ಥೆಗಳ ಇಂಜಿನಿಯರರದು, ಪಠ್ಯಪುಸ್ತಕದ ಹೊಣೆ ಪಠ್ಯಪುಸ್ತಕ ಸಂಘದ್ದು ಎಂಬಂತೆ ಕೆಲಸಗಳು ಹಂಚಿಹೋದವು. ಪ್ರತಿಯೊಂದು ಕೆಲಸಕ್ಕೂ ಒಬ್ಬ ಒಡೆಯನಿದ್ದರೂ ಒಟ್ಟು ಶಾಲೆಗೆ ಒಡೆಯನಿಲ್ಲದ ಸ್ಥಿತಿ ಉಂಟಾಯಿತು.

ಶೈಕ್ಷಣಿಕ ನೆರವಿನ ಸಾಲು

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಆರಂಭವಾದವು. 1994ರಲ್ಲಿ ಪ್ರಾರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಹಂತಕ್ಕೆ ಕರ್ನಾಟಕದ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾದವು. ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಸಮೂಹ ಸಂಪನ್ಮೂಲ ಕೇಂದ್ರಗಳು ಈ ಕಾರ್ಯಕ್ರಮದೊಡನೆ ಬಂದು, 2001ರ ಸರ್ವ ಶಿಕ್ಷಣ ಅಭಿಯಾನದೊಡನೆ ಎಲ್ಲ ಜಿಲ್ಲೆಗಳಿಗೂ ಹರಡಿದವು.

ಸಮೂಹ ಸಂಪನ್ಮೂಲ ವ್ಯಕ್ತಿಯ ಕಲ್ಪನೆ ಇನ್‌ಸ್ಪೆಕ್ಟರರ ಕಲ್ಪನೆಗಿಂತ ತೀರ ಭಿನ್ನವಾದುದು. ಅವರು ತನಿಖಾಧಿಕಾರಿಯಲ್ಲ. ಶಿಕ್ಷಕರ ನಡುವಿನಿಂದಲೇ ಬಂದು ಹತ್ತಿರದ ಹಲವು ಶಾಲೆಗಳಿಗೆ ಭೇಟಿ ಕೊಟ್ಟು, ತರಗತಿಯಲ್ಲಿ ಕುಳಿತು, ಪಾಠದ ತೊಡಕುಗಳನ್ನು ಶಿಕ್ಷಕರೊಡನೆ ಚರ್ಚಿಸಬೇಕಾದ ಸಹೋದ್ಯೋಗಿ. ಆಚರಣೆಯಲ್ಲಿ ಮಾತ್ರ ಈ ಪಾತ್ರ ಬೇರೆಯೇ ಆಯಿತು. ಅಂಕಿ ಅಂಶಗಳ ಸಂಗ್ರಹ, ಸುತ್ತೋಲೆಗಳ ರವಾನೆ, ಸಮವಸ್ತ್ರ ಮತ್ತು ಪುಸ್ತಕಗಳ ಲೆಕ್ಕ, ಸಭೆಗಳ ಏರ್ಪಾಟು ಇವು ಅವರ ದಿನವನ್ನು ನುಂಗಿದವು. ನೆರವಿಗೆಂದು ರಚಿತವಾದ ಹುದ್ದೆ ಕಚೇರಿಯ ಕೈಯಾಗಿ ಪರಿಣಮಿಸಿತು. ಕೊಠಾರಿ ಆಯೋಗ ಹೇಳಿದ್ದ ದೋಷವೇ ಹೊಸ ಹೆಸರಿನಲ್ಲಿ ಮರಳಿ ಬಂದಿತ್ತು. ಹುದ್ದೆಯೊಂದನ್ನು ಸೃಷ್ಟಿಸುವುದಕ್ಕಿಂತ ಅದರ ಸಮಯವನ್ನು ಕಾಪಾಡುವುದು ಕಷ್ಟವೆಂಬುದು ಇದರಿಂದ ಸಿದ್ಧವಾಗುತ್ತದೆ.

ಪೋಷಕರ ಪ್ರವೇಶ

ಮೇಲಿನಿಂದ ಕೆಳಕ್ಕೆ ಹರಿಯುವ ಮೇಲ್ವಿಚಾರಣೆಗೆ ಜೊತೆಯಾಗಿ ಕೆಳಗಿನಿಂದ ಕೇಳುವ ದನಿಯೂ ಬೇಕೆಂಬ ಅರಿವು ಕರ್ನಾಟಕದಲ್ಲಿ ಬೇಗನೆ ಮೂಡಿತು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ 2001ರ ಏಪ್ರಿಲ್ ತಿಂಗಳಲ್ಲಿ ಹೊರಟ ಸರ್ಕಾರಿ ಆದೇಶವು ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಎಸ್.ಡಿ.ಎಂ.ಸಿ.ಯನ್ನು ವಿಧಿಸಿತು. ಅದಕ್ಕೂ ಮೊದಲಿದ್ದ ಗ್ರಾಮ ಶಿಕ್ಷಣ ಸಮಿತಿಯಲ್ಲಿ ಊರಿನ ಗಣ್ಯರಿಗೆ ಸ್ಥಾನವಿದ್ದರೆ, ಇಲ್ಲಿ ಆ ಶಾಲೆಯಲ್ಲಿಯೇ ಓದುತ್ತಿರುವ ಮಕ್ಕಳ ತಂದೆತಾಯಂದಿರಿಗೆ ಪ್ರಾಧಾನ್ಯ ದೊರೆಯಿತು. ಶಾಲೆಯ ಸೋಲಿನಿಂದ ನಷ್ಟ ಅನುಭವಿಸುವವರಿಗೇ ಅದನ್ನು ಪ್ರಶ್ನಿಸುವ ಸ್ಥಾನ ಸಿಕ್ಕಿದ್ದು ಇದರ ಮಹತ್ವ.

2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗೆ ರಾಷ್ಟ್ರವ್ಯಾಪಿ ಕಾನೂನಿನ ಬಲ ನೀಡಿತು. ಕಾಯಿದೆಯ 21ನೆಯ ಪ್ರಕರಣದಂತೆ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕಾರ್ಯನಿರ್ವಹಣೆಯನ್ನು ಗಮನಿಸುವುದು, ಬಂದ ಅನುದಾನದ ಬಳಕೆಯನ್ನು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಇದರ ಕೆಲಸ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದೆಂದು 27ನೆಯ ಪ್ರಕರಣ ಹೇಳುತ್ತದೆ.

ಆದರೆ ಇಲ್ಲಿಯೂ ಒಂದು ಅಸಮತೋಲನವಿದೆ. ಸಮಿತಿಯು ಶಿಕ್ಷಕರ ಗೈರುಹಾಜರಿಯನ್ನು ಗಮನಿಸಬಹುದು. ಖಾಲಿ ಹುದ್ದೆಯನ್ನು ತುಂಬಲು ಅದಕ್ಕೆ ಸಾಧ್ಯವಿಲ್ಲ. ಯೋಜನೆ ಬರೆದು ಕಳುಹಿಸಬಹುದು. ಅದನ್ನು ಒಪ್ಪದಿದ್ದರೆ ಕಾರಣ ಕೇಳುವ ದಾರಿ ಸ್ಪಷ್ಟವಾಗಿಲ್ಲ. ಕೂಲಿ ಕೆಲಸ ಬಿಟ್ಟು ಸಭೆಗೆ ಬರಬೇಕಾದ ತಾಯಿಗೆ ಆ ದಿನದ ಸಂಪಾದನೆ ತಪ್ಪುತ್ತದೆ. ಹೊಣೆಗೆ ತಕ್ಕ ಅಧಿಕಾರ ಮತ್ತು ಮಾಹಿತಿ ದೊರೆಯದಿದ್ದರೆ ಸಮಿತಿಯು ಸಹಿ ಹಾಕುವ ಸಮಿತಿಯಾಗಿ ಉಳಿಯುತ್ತದೆ.

2020ರ ನೀತಿ ಹೇಳುವ ನಾಲ್ಕು ಕೆಲಸಗಳು

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಸಮಸ್ಯೆಯನ್ನು ನೇರವಾಗಿ ಎದುರಿಸುತ್ತದೆ. ನೀತಿ ರೂಪಿಸುವುದು, ಶಾಲೆಗಳನ್ನು ನಡೆಸುವುದು, ನಿಯಂತ್ರಿಸುವುದು ಈ ಮೂರನ್ನೂ ಒಂದೇ ಇಲಾಖೆ ಮಾಡುತ್ತಿರುವುದರಿಂದ ಹಿತಾಸಕ್ತಿಗಳ ಘರ್ಷಣೆ ಉಂಟಾಗುತ್ತದೆ ಎಂಬುದು ಅದರ ವಾದ. ತಾನೇ ನಡೆಸುವ ಶಾಲೆಗೆ ತಾನೇ ಅಂಕ ಕೊಡುವ ಇಲಾಖೆ ನಿಷ್ಪಕ್ಷಪಾತವಾಗಿರುವುದು ಕಷ್ಟ. ಆದುದರಿಂದ ಕೆಲಸಗಳನ್ನು ನಾಲ್ಕಾಗಿ ವಿಂಗಡಿಸಬೇಕೆಂದು ನೀತಿ ಸೂಚಿಸುತ್ತದೆ:

1. ರಾಜ್ಯದ ಶಾಲಾ ಶಿಕ್ಷಣ ಇಲಾಖೆಯು ಒಟ್ಟಾರೆ ನೀತಿಯನ್ನು ರೂಪಿಸಿ, ವ್ಯವಸ್ಥೆಯ ಪ್ರಗತಿಯನ್ನು ಗಮನಿಸುತ್ತದೆ. ಶಾಲೆಗಳನ್ನು ನಡೆಸುವ ಕೆಲಸದಲ್ಲಿ ತೊಡಗುವುದಿಲ್ಲ.

2. ಶಾಲಾ ಶಿಕ್ಷಣ ನಿರ್ದೇಶನಾಲಯವು ಸರ್ಕಾರಿ ಶಾಲೆಗಳನ್ನು ನಡೆಸುತ್ತದೆ. ಕ್ಷೇತ್ರ ಮತ್ತು ಜಿಲ್ಲಾ ಶಿಕ್ಷಣಾಧಿಕಾರಿಗಳ ಕಚೇರಿಗಳು ಇದರ ಅಂಗಗಳು.

3. ಸ್ವತಂತ್ರವಾದ ರಾಜ್ಯ ಶಾಲಾ ಗುಣಮಟ್ಟ ಪ್ರಾಧಿಕಾರವು ಸುರಕ್ಷತೆ, ಮೂಲ ಸೌಕರ್ಯ, ವಿಷಯವಾರು ಶಿಕ್ಷಕರ ಸಂಖ್ಯೆ, ಹಣಕಾಸಿನ ಪ್ರಾಮಾಣಿಕತೆ ಮುಂತಾದ ಕನಿಷ್ಠ ಮಾನದಂಡಗಳನ್ನು ಶಾಲೆಗಳು ಪಾಲಿಸುವಂತೆ ನೋಡಿಕೊಳ್ಳುತ್ತದೆ. ಸರ್ಕಾರಿ ಹಾಗೂ ಖಾಸಗಿ ಶಾಲೆಗಳಿಗೆ ಒಂದೇ ಮಾನದಂಡ ಅನ್ವಯಿಸುತ್ತದೆ. ಶಾಲೆಗಳು ತಮ್ಮ ಮಾಹಿತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕಾಗುತ್ತದೆ.

4. ಪಠ್ಯಕ್ರಮ ಮತ್ತು ಕಲಿಕೆಯ ಮಟ್ಟಗಳಂತಹ ಶೈಕ್ಷಣಿಕ ವಿಷಯಗಳಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ನೇತೃತ್ವ ವಹಿಸುತ್ತದೆ. ಡಯಟ್ ಹಾಗೂ ಸಂಪನ್ಮೂಲ ಕೇಂದ್ರಗಳ ಪುನಶ್ಚೇತನವೂ ಇದರ ಹೊಣೆ. ಕರ್ನಾಟಕದಲ್ಲಿ ಇಂತಹ ಶೈಕ್ಷಣಿಕ ಕಾರ್ಯವನ್ನು 1975ರಲ್ಲಿ ಸ್ಥಾಪಿತವಾದ ಡಿ.ಎಸ್.ಇ.ಆರ್.ಟಿ. ನಿರ್ವಹಿಸುತ್ತಿದೆ.

ಶಿಕ್ಷಣವು 1977ರಿಂದ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ನೀತಿಯನ್ನು ಎಲ್ಲ ರಾಜ್ಯಗಳೂ ಒಂದೇ ರೀತಿಯಲ್ಲಿ ಅಳವಡಿಸಿಕೊಂಡಿಲ್ಲ. ಕರ್ನಾಟಕ ಸರ್ಕಾರವು 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಆದ ಶಿಕ್ಷಣ ನೀತಿ ಆಯೋಗವನ್ನು ನೇಮಿಸಿತು. ಅದಕ್ಕೂ ಮೊದಲೇ, 2022ರಲ್ಲಿ, ಪ್ರೌಢಶಾಲಾ ಮತ್ತು ಪದವಿಪೂರ್ವ ಪರೀಕ್ಷೆಗಳನ್ನು ಒಂದೇ ಮಂಡಲಿಯ ಅಡಿಯಲ್ಲಿ ತರಲಾಗಿತ್ತು. ಕೇರಳವು ಖಾದರ್ ಸಮಿತಿಯ ವರದಿಯನ್ನು ಅನುಸರಿಸಿ 2019ರಲ್ಲಿ ಸಾರ್ವಜನಿಕ ಶಿಕ್ಷಣ, ಹೈಯರ್ ಸೆಕೆಂಡರಿ ಮತ್ತು ವೃತ್ತಿಪರ ಹೈಯರ್ ಸೆಕೆಂಡರಿ ಎಂಬ ಮೂರು ನಿರ್ದೇಶನಾಲಯಗಳನ್ನು ಒಂದಾಗಿಸಿತು. ಒಂದೆಡೆ ವಿಂಗಡಣೆಯ ಸಲಹೆ, ಇನ್ನೊಂದೆಡೆ ಒಗ್ಗೂಡಿಕೆಯ ಕ್ರಮ ಎಂದು ಇವು ಪರಸ್ಪರ ವಿರುದ್ಧವಾಗಿ ಕಾಣಬಹುದು. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ ರೋಗಗಳಿಗೆ ಮದ್ದು. ಒಂದೇ ಶಾಲೆಯ ಆವರಣದಲ್ಲಿ ಮೂರು ಕಚೇರಿಗಳು ಆಳುತ್ತಿದ್ದರೆ ಒಗ್ಗೂಡಿಸಬೇಕು. ಒಂದೇ ಕಚೇರಿ ನಡೆಸುವವನೂ ನಿರ್ಣಯಿಸುವವನೂ ಆಗಿದ್ದರೆ ಬೇರ್ಪಡಿಸಬೇಕು.

ಪುನರ್‌ರಚನೆಯಲ್ಲಿ ಗಮನಿಸಬೇಕಾದ ಅಪಾಯಗಳು

ಕೆಲಸಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ಹೊಣೆ ಸ್ಪಷ್ಟವಾಗುವುದಿಲ್ಲ. ನಾಲ್ಕು ಸಂಸ್ಥೆಗಳಾದರೆ ಜಾರಿಕೊಳ್ಳಲು ನಾಲ್ಕು ಬಾಗಿಲುಗಳೂ ಆಗಬಹುದು. ಗುಣಮಟ್ಟ ಪ್ರಾಧಿಕಾರವು ಶಿಕ್ಷಕರ ಕೊರತೆಯನ್ನು ಗುರುತಿಸಿದರೆ ನಿರ್ದೇಶನಾಲಯವು ಇಂತಿಷ್ಟು ದಿನಗಳೊಳಗೆ ಉತ್ತರ ಕೊಡಬೇಕು, ಆ ಉತ್ತರ ಪೋಷಕರಿಗೂ ತಿಳಿಯಬೇಕು ಎಂಬ ನಿಯಮವಿಲ್ಲದಿದ್ದರೆ ವರದಿಯು ಕಡತದಲ್ಲಿಯೇ ಉಳಿಯುತ್ತದೆ.

ಎರಡನೆಯ ಅಪಾಯ ಅಂಕಿಗಳ ಹೊರೆ. ಶಾಲೆಗಳ ಮಾಹಿತಿ ಇಂದು ಯುಡೈಸ್ ಪ್ಲಸ್ ಎಂಬ ಗಣಕೀಕೃತ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. 2015ರಲ್ಲಿ ಬಂದ 'ಶಾಲಾ ಸಿದ್ಧಿ' ಕಾರ್ಯಕ್ರಮವು ಶಾಲೆ ತನ್ನನ್ನು ತಾನೇ ಏಳು ಕ್ಷೇತ್ರಗಳಲ್ಲಿ ಪರಾಮರ್ಶಿಸಿಕೊಳ್ಳುವ ಅವಕಾಶ ಕಲ್ಪಿಸಿತು. ಇವು ಉಪಯುಕ್ತ ಸಾಧನಗಳು. ಆದರೆ ಗುಮಾಸ್ತರೇ ಇಲ್ಲದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಮಾಹಿತಿ ತುಂಬುವ ಕೆಲಸ ಪಾಠ ಹೇಳುವ ಶಿಕ್ಷಕರ ಮೇಲೆಯೇ ಬೀಳುತ್ತದೆ.

ಮೂರನೆಯದು ಶಾಲೆಗಳ ವಿಲೀನ. 2016-17ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿದ್ದವು. ಇಂತಹ ಶಾಲೆಗಳ ಮೇಲ್ವಿಚಾರಣೆ ಕಷ್ಟವೆಂಬುದು ನಿಜ. ಹಾಗೆಂದು ಆಡಳಿತದ ಅನುಕೂಲಕ್ಕಾಗಿ ಅವುಗಳನ್ನು ಮುಚ್ಚಿದರೆ ದೂರ ಹೆಚ್ಚುತ್ತದೆ, ದೂರದ ಬೆಲೆಯನ್ನು ಮೊದಲು ತೆರುವವರು ಹೆಣ್ಣುಮಕ್ಕಳು. ಶಾಲಾ ಸಂಕೀರ್ಣದ ಮೂಲ ಕಲ್ಪನೆ ಶಾಲೆಗಳನ್ನು ಮುಚ್ಚುವುದಲ್ಲ. ಗ್ರಂಥಾಲಯ, ಪ್ರಯೋಗಾಲಯ, ವಿಶೇಷ ವಿಷಯಗಳ ಶಿಕ್ಷಕರು ಇವುಗಳನ್ನು ಹಂಚಿಕೊಳ್ಳುವುದಾಗಿದೆ.

ಹೊರನಾಡಿನ ಕನ್ನಡ ಶಾಲೆಗಳು

ಕರ್ನಾಟಕದ ಹೊರಗಿನ ಕನ್ನಡ ಮಾಧ್ಯಮ ಶಾಲೆಗಳು ಆಯಾ ರಾಜ್ಯದ ಮೇಲ್ವಿಚಾರಣೆಗೆ ಒಳಪಟ್ಟಿವೆ. ಮಹಾರಾಷ್ಟ್ರದಲ್ಲಿ 1961ರ ಕಾಯಿದೆಯಂತೆ ಗ್ರಾಮೀಣ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತುಗಳಿಗೆ ಸೇರಿವೆ. ಸಾಂಗ್ಲಿ ಜಿಲ್ಲೆಯ ಜತ್ತ ಹಾಗೂ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕುಗಳ ಕನ್ನಡ ಶಾಲೆಗಳನ್ನು ಅಲ್ಲಿಯ ಗಟಶಿಕ್ಷಣಾಧಿಕಾರಿ ಮತ್ತು ಕೇಂದ್ರಪ್ರಮುಖರು ನೋಡಿಕೊಳ್ಳುತ್ತಾರೆ. ಮುಂಬಯಿಯಲ್ಲಿ ಈ ಹೊಣೆ ಮಹಾನಗರಪಾಲಿಕೆಯದು. ಕಾಸರಗೋಡಿನ ಶಾಲೆಗಳು 1956ರಿಂದ ಕೇರಳದ ಇಲಾಖೆಯ ಅಡಿಯಲ್ಲಿವೆ. ಪುಣೆಯ ಬಾಲಭಾರತಿ ಸಂಸ್ಥೆ ಪ್ರಕಟಿಸುವ ಪಠ್ಯಪುಸ್ತಕಗಳ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ನೇಮಕಕ್ಕೆ ಅವಕಾಶ ನೀಡಿದೆ. ಈ ಸೌಲಭ್ಯ ನಿಜವಾಗಿ ದೊರೆಯುತ್ತಿದೆಯೇ ಎಂಬುದನ್ನು ತಿಳಿಯಬೇಕಾದರೆ ತರಗತಿಯೊಳಗೆ ಕುಳಿತು ಕೇಳುವ ಅಧಿಕಾರಿಗೆ ಕನ್ನಡ ತಿಳಿದಿರಬೇಕು. ಕನ್ನಡ ಬಾರದ ಮೇಲ್ವಿಚಾರಕರು ಕಟ್ಟಡವನ್ನು ನೋಡಬಲ್ಲರು, ಹಾಜರಿಯನ್ನು ಎಣಿಸಬಲ್ಲರು. ಮಗು ಓದುತ್ತಿರುವುದು ಸರಿಯೋ ತಪ್ಪೋ ಹೇಳಲಾರರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಶಿಕ್ಷಕರು ನೇಮಕವಾದ ಬಗ್ಗೆ ಕಾಸರಗೋಡಿನಲ್ಲಿ ದೂರುಗಳು ಕೇಳಿಬಂದದ್ದೂ ಇದೇ ಕಾರಣದಿಂದ. ರಾಜ್ಯವೊಂದು ತನ್ನ ವ್ಯವಸ್ಥೆಯನ್ನು ಪುನರ್‌ರಚಿಸುವಾಗ ಬಹುಸಂಖ್ಯಾತರ ಶಾಲೆಗಳನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಸಹಜ. ಆದರೆ ಅಂಚಿನಲ್ಲಿರುವ ಇಂತಹ ಶಾಲೆಗಳಿಗೆ ಅದು ಹೇಗೆ ತಲುಪುತ್ತದೆ ಎಂಬುದೇ ಆ ವ್ಯವಸ್ಥೆಯ ಒರೆಗಲ್ಲು.

ಇಲ್ಲಿ ಪೋಷಕರಿಗೂ ಕರ್ತವ್ಯವಿದೆ. ಶಾಲಾ ನಿರ್ವಹಣಾ ಸಮಿತಿಯ ಸದಸ್ಯತ್ವ ಅವರ ಹಕ್ಕು. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಕನ್ನಡ ಬಲ್ಲ ಶಿಕ್ಷಕರ ಅಗತ್ಯವನ್ನು ಬರೆಸುವುದು, ಕನ್ನಡ ಬಲ್ಲ ಕೇಂದ್ರಪ್ರಮುಖರ ಭೇಟಿಯನ್ನು ಕೋರುವುದು, ಉತ್ತರ ಬಾರದಿದ್ದಾಗ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಮನವಿ ಸಲ್ಲಿಸುವುದು ಇವೆಲ್ಲ ಅವರಿಗಿರುವ ಮಾರ್ಗಗಳು.

ಉಪಸಂಹಾರ

ನೂರ ಎಪ್ಪತ್ತು ವರ್ಷಗಳ ಈ ಇತಿಹಾಸದಿಂದ ಮೂರು ಸಂಗತಿಗಳು ವಿಶದವಾಗುತ್ತವೆ. ಶಾಲೆಯನ್ನು ನಡೆಸುವವರೂ ಅದರ ಗುಣಮಟ್ಟವನ್ನು ನಿರ್ಣಯಿಸುವವರೂ ಬೇರೆಯಾಗಿರಬೇಕು. ಶಿಕ್ಷಕರಿಗೆ ನೆರವಾಗುವವರ ಸಮಯ ಕಚೇರಿಯ ಕೆಲಸಕ್ಕೆ ಹೋಗಬಾರದು. ಮಗುವಿಗೆ ಅತ್ಯಂತ ಹತ್ತಿರವಿರುವ ಮುಖ್ಯೋಪಾಧ್ಯಾಯರು ಮತ್ತು ಪೋಷಕರ ಸಮಿತಿಗೆ ಹೊಣೆಯ ಜೊತೆಗೆ ತಕ್ಕ ಅಧಿಕಾರವೂ ದೊರೆಯಬೇಕು. ಯಾವುದೇ ಪುನರ್‌ರಚನೆಯ ಯಶಸ್ಸನ್ನು ಹೊಸ ಕಚೇರಿಗಳ ಸಂಖ್ಯೆಯಿಂದ ಅಳೆಯಲಾಗದು. ಓದಲು ಬಾರದ ಮಗುವಿನ ತಾಯಿ ಶಾಲೆಗೆ ಬಂದು ಕಾರಣ ಕೇಳಿದಾಗ ಆಕೆಗೆ ಒಂದೇ ಬಾಗಿಲಿನಲ್ಲಿ ಉತ್ತರ ಸಿಗುತ್ತದೆಯೇ ಎಂಬುದೇ ಅದರ ಅಳತೆಗೋಲು.

ಚರ್ಚೆಗೆ ಪ್ರಶ್ನೆಗಳು

1. ಆಡಳಿತ ಮತ್ತು ಶೈಕ್ಷಣಿಕ ಮೇಲ್ವಿಚಾರಣೆಯನ್ನು ಬೇರ್ಪಡಿಸಬೇಕೆಂದು ಕೊಠಾರಿ ಆಯೋಗ ಏಕೆ ಸೂಚಿಸಿತು?

2. ಸಮೂಹ ಸಂಪನ್ಮೂಲ ವ್ಯಕ್ತಿಗೂ ಹಿಂದಿನ ಕಾಲದ ಇನ್‌ಸ್ಪೆಕ್ಟರರಿಗೂ ಇರಬೇಕಾದ ವ್ಯತ್ಯಾಸವೇನು? ಆಚರಣೆಯಲ್ಲಿ ಅದು ಏಕೆ ಕಡಿಮೆಯಾಯಿತು?

3. ನಿಮ್ಮ ಊರಿನ ಸರ್ಕಾರಿ ಅಥವಾ ಪಾಲಿಕೆಯ ಶಾಲೆಯಲ್ಲಿ ನಿರ್ವಹಣಾ ಸಮಿತಿ ಇದೆಯೇ? ಅದು ಕಳೆದ ವರ್ಷ ಸಿದ್ಧಪಡಿಸಿದ ಯೋಜನೆಯಲ್ಲಿ ಏನೇನು ಕೇಳಲಾಗಿತ್ತು, ಏನೇನು ದೊರೆಯಿತು?

4. ನೀವಿರುವ ರಾಜ್ಯದಲ್ಲಿ ಕನ್ನಡ ಮಾಧ್ಯಮ ಶಾಲೆಗಳ ಮೇಲ್ವಿಚಾರಣೆಗೆ ಕನ್ನಡ ಬಲ್ಲ ಅಧಿಕಾರಿಗಳು ಇದ್ದಾರೆಯೇ? ಇಲ್ಲದಿದ್ದಲ್ಲಿ ಯಾರಿಗೆ ಮನವಿ ಸಲ್ಲಿಸಬಹುದು?